ಸತ್ತ ತೋಕಿಹಿಕೋ ಕೊಡಬೇಕಿದ್ದ ಮಿಠಾಯಿ

ಸತ್ತವನ ಹೆಸರಿಗೆ ಚಾಕೊಲೇಟು ಬರುತ್ತಲೇ ಇತ್ತು. ಫೆಬ್ರವರಿಯಲ್ಲಿ ಹುಡುಗಿಯರು ಮೆಚ್ಚಿದವನಿಗೆ ಚಾಕೊಲೇಟು ಕೊಡುವ ದಿನ ಕಳೆದು ವಾರವಾದರೂ ಹುಡುಗಿಯರ ಚಿತ್ರಕಥೆಗಳ 'ಹಿನಾಗಿಕು' ಪತ್ರಿಕೆಯ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಪಸಂಪಾದಕ ಕುರಾಮೋಚಿಯ ಕುರ್ಚಿಯ ಮೇಲೂ ಪೊಟ್ಟಣಗಳು. ಒಂದೂ ಅವನದಲ್ಲ, ಎಲ್ಲವೂ ಅವನ ಉಸ್ತುವಾರಿಯ ಚಿತ್ರಕಥೆಯ ನಾಯಕ ತೋಕಿಹಿಕೋನಿಗೆ. ಆ ಕಾಗದದ ಹುಡುಗ ಹೋದ ಸಂಚಿಕೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತಿದ್ದ.

ಸಾಯಿಸಿದ್ದು ಕುರಾಮೋಚಿಯೇ. ಓದುಗರು ಮೆಚ್ಚಿನ ಕಥೆ ಯಾವುದೆಂದು ಬರೆದು ಕಳಿಸುವ ಕಾರ್ಡುಗಳಲ್ಲಿ ಈ ಕಥೆ ಕೆಳಗೆ ಜಾರಿತ್ತು. ಒಂದು ಹೆಣ ಬಿದ್ದರೆ ಮೇಲೇಳುತ್ತದೆಂದು ಚಿತ್ರ ಬರೆಯುವಾಕೆಯ ಬೆನ್ನು ಬಿದ್ದು ಒಪ್ಪಿಸಿದ್ದ. ಪ್ರೇಮದ ವಿಷಯದಲ್ಲಿ ಈ ಪತ್ರಿಕೆಯ ಗಂಡಸರ ಬುದ್ಧಿ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮೀನು ಹಿಡಿಯುವವರ ಮಾಸಿಕ ಮುಚ್ಚಿದಾಗ ಅದೇ ಮಂದಿಯನ್ನು ಹುಡುಗಿಯರ ಪ್ರೇಮಕಥೆಗೆ ಕೂರಿಸಿದ್ದರು. ಮೊದಲ ಸಂಚಿಕೆಯ ನಾಯಕ ನಾಯಕಿಯನ್ನು ಕಂಡೊಡನೆ ಅವಳ ತೂಕ ಕೇಳಿದ್ದ.

ಕಥೆಯೇನೋ ಮೇಲೆದ್ದಿತು. ಆದರೆ ಕುರಾಮೋಚಿಯ ಮಗಳು ಯುಕಾರಿ ಅಂದಿನಿಂದ ಅಪ್ಪನೊಡನೆ ಮಾತು ಬಿಟ್ಟಳು. ಏನಿದ್ದರೂ ಬೆಕ್ಕಿನ ಮೂಲಕವೇ.

"ಆ ಕೊಲೆಗಾರಂಗೆ ಹೇಳು, ಸೋಯಾ ಸಾಸು ಇತ್ಲಾಗ್ ಕೊಡ್ಲಿ."

ಪ್ರತಿ ವರ್ಷ ಆ ದಿನ ಅಪ್ಪನಿಗೂ ಚಾಕೊಲೇಟು ಕೊಡುತ್ತಿದ್ದವಳು ಈ ಸಲ ಕೊಡಲಿಲ್ಲ. ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಕಚೇರಿಯಲ್ಲಿ ಸಭೆ ಸೇರಿತು. ರೂಢಿಯಂತೆ ಚಾಕೊಲೇಟು ಪಡೆದವನು ತಿಂಗಳಿಗೆ ಸರಿಯಾಗಿ, ಮಾರ್ಚಿಯಲ್ಲಿ, ತಿರುಗಿ ಮಿಠಾಯಿ ಕೊಡಲೇಬೇಕಲ್ಲ.

"ಸತ್ತೋನು ಹೆಂಗ್ ಕೊಡ್ತಾನೆ ಸಾರ್?" ಎಂದ ಕುರಾಮೋಚಿ.

"ಸಾವಿನ ಮನೆಗೆ ಬಂದ ಕಾಣಿಕೆಗೂ ನಾವು ತಿರುಗಿ ಕೊಡಲ್ವೇನಯ್ಯಾ?" ಎಂದು ಸಂಪಾದಕ ಉತ್ಸುಮಿ ಗದರಿದರು. "ಆದ್ರೆ ಅದಕ್ಕೆ ಟೀ ಸೊಪ್ಪು ಕೊಡೋದು. ಇದು ಪ್ರೀತಿನೋ ಸೂತಕನೋ, ಮೊದ್ಲು ಅದು ತೀರ್ಮಾನ ಆಗ್ಲಿ!"

ಮಧ್ಯಾಹ್ನದ ನೂಡಲ್ಸು ತಣ್ಣಗಾದರೂ ತೀರ್ಮಾನವಾಗಲಿಲ್ಲ. ಕೊನೆಗೆ ರಾಜಿಯಾಯಿತು. ಒಳಗೆ ನಿಂಬೆ, ಸ್ಟ್ರಾಬೆರಿ ಬೆರೆಸಿದ ಮಿಠಾಯಿ, ಹೊರಗೆ ಗುಲಾಬಿ ರಿಬ್ಬನ್ನು, ಆದರೆ ಗಂಟು ಮಾತ್ರ ಸಾವಿನ ಪೊಟ್ಟಣಕ್ಕೆ ಹಾಕುವ, ಬಿಚ್ಚಲಾಗದ ಗಂಟು.

ವಿಳಾಸ ಅಂಟಿಸುತ್ತ ಕುರಾಮೋಚಿ ಥಟ್ಟನೆ ನಿಂತ. ಕೈಯಲ್ಲಿದ್ದದ್ದು ಅವನ ಮನೆಯದೇ ವಿಳಾಸ! ಯುಕಾರಿಯ ಚಾಕೊಲೇಟು ಇಲ್ಲಿಗೆ ಬಂದಿತ್ತು. ಕಾಗದದ ಹುಡುಗನ ಮೇಲೆ ಅವನಿಗೆ ಹೊಟ್ಟೆ ಉರಿಯಿತು, ನಾಚಿಕೆಯೂ ಆಯಿತು. ಆ ಪೊಟ್ಟಣದೊಳಗಿನ ನಿಂಬೆ ಮಿಠಾಯಿಗಳನ್ನೆಲ್ಲ ಆರಿಸಿ ತೆಗೆದು, ಸ್ಟ್ರಾಬೆರಿಯವನ್ನು ತುಂಬಿ ಗಂಟು ಬಿಗಿದ. ನಿಂಬೆ ಬಾಯಿಗಿಟ್ಟರೆ ಅವಳು ಕೂಸಾಗಿದ್ದಾಗಿನಿಂದಲೂ ಉಗುಳುತ್ತಿದ್ದಳು.

ಮಿಠಾಯಿ ಕೊಡುವ ದಿನ ಬೆಳಗಿನ ಊಟದ ಹೊತ್ತಿಗೆ ಪೊಟ್ಟಣ ಮನೆಗೆ ಬಂತು. ಯುಕಾರಿ ಗಂಟಿನೊಡನೆ ಗುದ್ದಾಡಿ, ಕತ್ತರಿಯಿಂದ ಕತ್ತರಿಸಿ, ಮಿಠಾಯಿಗಳನ್ನು ಮೇಜಿನ ಮೇಲೆ ಸುರಿದಳು. ಪೊಟ್ಟಣದ ಚೀಟಿಯಲ್ಲಿ ನಿಂಬೆ, ಸ್ಟ್ರಾಬೆರಿ ಎರಡೂ ಎಂದಿದ್ದರೂ ಬಿದ್ದದ್ದೆಲ್ಲ ಸ್ಟ್ರಾಬೆರಿಯೇ.

"ನಂಗೆ ನಿಂಬೆ ಆಗಲ್ಲ ಅಂತ ಸತ್ತೋನಿಗೆ ಹೆಂಗ್ ಗೊತ್ತಾಯ್ತು?"

ಬೆಕ್ಕು ಆಕಳಿಸಿತು.

"ಅಪ್ಪಾ, ನಿನ್ನನ್ನೇ ಕೇಳ್ತಿರೋದು."

ಕುರಾಮೋಚಿ ಕೈಗೆ ಸಿಕ್ಕ ಸೋಯಾ ಸಾಸಿನ ಬಾಟಲಿಯನ್ನು ಅವಳತ್ತ ಸರಿಸಿದ.

"ಮಿಠಾಯಿಗೆ ಯಾರಾದ್ರೂ ಸೋಯಾ ಸಾಸು ಹಾಕ್ಕೋತಾರೇನಪ್ಪಾ?" ಎಂದು ಯುಕಾರಿ ಒಂದು ಸ್ಟ್ರಾಬೆರಿ ಮಿಠಾಯಿಯನ್ನು ಅವನ ಅನ್ನದ ಬಟ್ಟಲಿಗೆ ಹಾಕಿದಳು. ಅವನು ಅದನ್ನು ಅನ್ನದೊಡನೆಯೇ ತಿಂದ.