ಬೋರ್ಡಿನ ಇಂಗ್ಲಿಷ್

ನನಗೆ ಇಂಗ್ಲಿಷ್ ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ನಗಬೇಡಿ. ಬೈಲಹೊಂಗಲದ ಪೇಟೆಯಲ್ಲಿ ಹದಿನಾಲ್ಕು ವರ್ಷದಿಂದ ಬೋರ್ಡ್ ಬರೆಯುತ್ತಿದ್ದೇನೆ. ಗಿರಾಕಿ ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ತಗಡಿನ ಮೇಲೆ ಚಿತ್ರ ತೆಗೆದ ಹಾಗೆ ತೆಗೆಯುತ್ತೇನೆ. ಇಪ್ಪತ್ತಾರು ಅಕ್ಷರಗಳ ಹೆಸರು ಗೊತ್ತು. ಅವು ಕೂಡಿ ಏನು ಹೇಳುತ್ತವೆ ಎಂಬುದು ಅಲ್ಲಾಹನಿಗೇ ಗೊತ್ತು.

ಆದರೆ ಊರಿನವರು ನಂಬಬೇಕಲ್ಲ! ಮದುವೆ ಕಾರ್ಡ್ ಹಾಕಿಸುವವರು, ಫೋಟೊ ಸ್ಟುಡಿಯೊದವರು, ಬಂಗಾರದ ಅಂಗಡಿಯವರು, ಎಲ್ಲರೂ ನನ್ನನ್ನೇ ಕೇಳುತ್ತಾರೆ.

"ತೌಸೀಫ್, ಕಲರ್ ಬರಿಯೂ ಮುಂದ ಯು ಹಾಕಬೇಕೇನೋ?"

"ಜ್ಯುವೆಲರ್ಸ್‌ನ್ಯಾಗ ಎಲ್ ಒಂದೋ ಎರಡೋ?"

ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ. ಗೊತ್ತಿಲ್ಲ ಎಂದರೆ ಕೆಲಸ ಬೇರೆಯವರ ಪಾಲು. ಅದಕ್ಕೆ ಹಳೆಯ ಚೀಟಿಗಳನ್ನೆಲ್ಲ ತಂತಿಗೆ ಚುಚ್ಚಿ ಇಟ್ಟಿದ್ದೇನೆ. ಅವನ್ನು ತೆಗೆದು ನೋಡಿ, "ಊರಾಗ ಆರು ಬೋರ್ಡಿನ್ಯಾಗ ಯು ಐತ್ರಿ, ಎರಡರಾಗ ಇಲ್ಲ" ಅನ್ನುತ್ತೇನೆ. ಆರರ ಕಡೆಗೆ ತೀರ್ಪು. ಯಾರೂ ಇದುವರೆಗೆ ತಕರಾರು ಮಾಡಿಲ್ಲ.

ಈ ವರ್ಷ, 1998ರ ಬೇಸಿಗೆಯಲ್ಲಿ, ಹೊಸ ಇಂಗ್ಲಿಷ್ ಮೀಡಿಯಂ ಶಾಲೆಯೊಂದು ಬಂತು. ಅದರ ಸೆಕ್ರೆಟರಿ ಬಸವಣ್ಣೆಪ್ಪನವರು ಬೋರ್ಡ್ ಬರೆಸಿದರು. ಶಾಲೆಯ ಹೆಸರಿನಲ್ಲಿದ್ದ 'ಸೆಂಟರ್' ಶಬ್ದದ ಕೊನೆಗೆ ಆರ್ ಮೊದಲೋ ಇ ಮೊದಲೋ ಎಂದು ಅವರ ಕಮಿಟಿಯಲ್ಲೇ ಜಗಳ. ನಾಲ್ಕು ದಿನ ಬರೆ, ಒರೆಸು, ಮತ್ತೆ ಬರೆ. ಮೈಯೆಲ್ಲ ಉರಿದುಹೋಯಿತು. ಕೊನೆಗೆ ನನ್ನ ತಂತಿಯ ಮಾತೇ ನಡೆಯಿತು.

"ನೀ ಅಂದಿ ಅಂದ್ರ ಮುಗೀತಪಾ" ಎಂದು ಬಸವಣ್ಣೆಪ್ಪನವರು ಬೆನ್ನು ತಟ್ಟಿದರು.

ಅದೇ ಧೈರ್ಯದಲ್ಲಿ ಮಗಳು ಗುಲಫಶಾಳಿಗೆ ಒಂದು ಸೀಟು ಕೇಳಿದೆ. "ಕರಕೊಂಡು ಬಾ" ಎಂದರು. ನನ್ನ ಹಾಗೆ ಅವಳೂ ಅಕ್ಷರಗಳ ಹೊರಗೆ ನಿಂತು ಬದುಕಬಾರದು, ನನಗಿದ್ದದ್ದು ಅದೊಂದೇ ಆಸೆ.

ಇಂಟರ್‌ವ್ಯೂ ದಿನ ಹೆಂಡತಿ ಖತಿಜಾಬಿ ಮಗಳಿಗೆ ಹೊಸ ಫ್ರಾಕ್ ತೊಡಿಸಿ ಕಳಿಸಿದಳು. ಇಂಟರ್‌ವ್ಯೂ ಮಗಳಿಗೆ ಎಂದುಕೊಂಡಿದ್ದೆ. ಅಲ್ಲಿ ಕುಳಿತಿದ್ದ ಮೇಡಂ ಅವಳ ಕಡೆ ನೋಡಲೂ ಇಲ್ಲ, ನನ್ನನ್ನೇ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮತ್ತೊಮ್ಮೆ ಕೇಳಿದರು. ನಾನು ಬೆವರುತ್ತ ಬಸವಣ್ಣೆಪ್ಪನವರ ಮುಖ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು.

"ಮನ್ಯಾಗ ಇಂಗ್ಲಿಷ್ ಬರೋರು ಯಾರರೆ ಇರಬೇಕಲ್ಲಪಾ" ಎಂದರು ಕಡೆಗೆ. "ಕೂಸಿಗೆ ಹೋಮ್‌ವರ್ಕ್ ಯಾರು ಹೇಳಿ ಕೊಡೋರು? ರೂಲ್ ಅಂದ್ರ ರೂಲ್."

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಸಾಲಿ ಹೆಸರು ಹೆಂಗ ಬರೀಬೇಕಂತ ನನ್ನ ಕೇಳಿದ್ರಲ್ರಿ ಸಾಹೇಬ್ರ!"

"ಅದು ಬೋರ್ಡಿನ ಮಾತು, ತೌಸೀಫ್. ಇದು ಸಾಲಿ ಮಾತು."

ಮಗಳ ಕೈ ಹಿಡಿದು ಎದ್ದೆ. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದರು, ಏನೂ ಆಗಿಲ್ಲವೆಂಬಂತೆ.

"ಹಾಂ, ಸಂಜಿಮುಂದ ಬಂದು ಗ್ವಾಡಿ ಮ್ಯಾಲ ಅಡ್ಮಿಷನ್ ಫುಲ್ ಅಂತ ಬರದು ಹೋಗು. ಫುಲ್‌ಗೆ ಎಲ್ ಒಂದೋ ಎರಡೋ, ನೀನ ನೋಡಿ ಹಾಕು."

ಹದಿನಾಲ್ಕು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಹೊರಗೆ ಬಿತ್ತು.

"ನನಗ ಇಂಗ್ಲಿಷ್ ಬರೂದಿಲ್ರಿ. ಮೇಡಮ್ಮಾರನ್ನ ಕೇಳ್ರಿ."

ರಸ್ತೆಗೆ ಬಂದ ಮೇಲೆ ಸ್ವಲ್ಪ ಹಗುರವೂ ಅನಿಸಿತು. ಪೇಟೆಯ ಎರಡೂ ಬದಿಗೆ ನಾನೇ ಬರೆದ ಬೋರ್ಡುಗಳು. ಗುಲಫಶಾ ಒಂದೊಂದನ್ನೇ ಕತ್ತೆತ್ತಿ ನೋಡುತ್ತ ಬಂದಳು. ಆಮೇಲೆ ನಿಂತುಬಿಟ್ಟಳು.

"ಅಬ್ಬಾಜಾನ್, ನಿನಗ ಇಂಗ್ಲಿಷ್ ಬರೂದಿಲ್ಲಂದ್ರ ಮತ್ತ ಇವನ್ನೆಲ್ಲಾ ಬರದಾಂವ ನೀ ಅಲ್ಲೇನು?"