ಮೂರನೆಯ ಪುಸ್ತಕದ ಹುಡುಗ

"ಆಮೇಲೆ?" ಎಂದಳು ಮಗಳು, ಹೊದಿಕೆಯೊಳಗಿಂದಲೇ.

ಓದುತ್ತಿದ್ದ ತಾಯಿ ಅಲ್ಲೇ ನಿಲ್ಲಿಸಿದಳು. ಮುಂದಿನ ಸಾಲಿನಲ್ಲಿ ಕಥೆಯ ಹುಡುಗ ಸತ್ತಿದ್ದ. 'ಬೆಳಗಾಗುವ ಹೊತ್ತಿಗೆ ತಮ್ಮನ ಜ್ವರ ಇಳಿದಿತ್ತು. ಮೈಯೂ ತಣ್ಣಗಾಗಿತ್ತು' ಎಂದು ಅಚ್ಚಾಗಿತ್ತು. ಪುಟ ಹಾರಿತೇನೋ ಎಂದು ಹಿಂದೆ ಮುಂದೆ ತಿರುವಿದಳು. ಎಲ್ಲವೂ ಸರಿಯಾಗಿಯೇ ಇತ್ತು. ಎದುರು ಪುಟದ ಚಿತ್ರದಲ್ಲಿ ಕಥೆಯ ಹುಡುಗಿ ಒಬ್ಬಳೇ ಮಣ್ಣು ಅಗೆಯುತ್ತಿದ್ದಳು.

ಹೀಗಿರಲಿಲ್ಲ. ತಾಯಿಗೆ ತಾನು ಚಿಕ್ಕಂದಿನಲ್ಲಿ ಕೇಳಿದ ಕಥೆ ಚೆನ್ನಾಗಿ ನೆನಪಿದೆ. ಹುಡುಗ ಜೋರಾಗಿ ಸೀನುತ್ತಾನೆ, ಅಕ್ಕ ತಮ್ಮ ಇಬ್ಬರೂ ನಗುತ್ತಾ ಬಿಸಿಲಿಗೆ ಓಡುತ್ತಾರೆ. ತಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಪ್ರತಿ ಚೀಟಿಯನ್ನೂ ಎರಡು ಸಲ ಓದುವವಳು ಅವಳು. ಮಗಳಿಗೆ ಸಿನಿಮಾ ತೋರಿಸುವ ಮುಂಚೆ ತಾನು ನೋಡುವವಳು, ಮಾತ್ರೆ ಕೊಡುವ ಮುಂಚೆ ಕವರು ಓದುವವಳು. ಇದೊಂದನ್ನು ಮಾತ್ರ ನೋಡದೇ ತಂದಿದ್ದಳು. ಚಿಕ್ಕಂದಿನ 'ಸೇತುವೆ ಕೆಳಗಿನ ಮಕ್ಕಳು' ಪುಸ್ತಕಮಾಲೆ ಹಳೆ ಪುಸ್ತಕದಂಗಡಿಯಲ್ಲಿ ಪೂರ್ತಿ ಸಿಕ್ಕಿದ್ದಕ್ಕೆ ಹಿಗ್ಗಿ, ಮಗಳಿಗೆ ಜ್ವರ ಬಂದಾಗ ಹುಡುಕಿ ಮೂರನೆಯದನ್ನೇ ತೆಗೆದಿದ್ದಳು. ಅದರಲ್ಲಿ ಹುಡುಗನ ಜ್ವರ ವಾಸಿಯಾಗುತ್ತದಲ್ಲ ಎಂದು.

"ಇರು ಪುಟ್ಟೀ, ನೀರು ತರ್ತೀನಿ" ಎಂದು ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಅಕ್ಕನಿಗೆ ಫೋನು ಮಾಡಿದಳು. ತನಗೆ ಓದಲು ಬಾರದ ವಯಸ್ಸಿನಲ್ಲಿ ಆ ಪುಸ್ತಕಗಳನ್ನೆಲ್ಲ ಓದಿ ಹೇಳಿದ್ದು ಅಕ್ಕನೇ.

"ಅಕ್ಕಾ, ಆ ತಮ್ಮ ಸತ್ತೋಗ್ತಾನಾ?"

"ಯಾರ ತಮ್ಮನೇ? ಗಾಬರಿ ಮಾಡ್ಬೇಡ, ಕೈಲಿ ಕತ್ತರಿ ಇದೆ. ಇವರ ಕಿವಿ ಹೋದ್ರೆ ನೀನು ಹೊಲೀತೀಯಾ?" ಅಕ್ಕನ ಪಾರ್ಲರಿನಲ್ಲಿ ಯಾರೋ ನಕ್ಕರು.

"ಸೇತುವೆ ಕೆಳಗಿನ ಹುಡುಗ."

"ಓ, ಅವನಾ. ಸತ್ತೋಗ್ತಾನೆ. ಐದನೇದ್ರಲ್ಲಿ ಅಜ್ಜಿನೂ ಹೋಗ್ತಾಳೆ. ಎಲ್ಲಿ ಸಿಕ್ತು ನಿಂಗೆ ಆ ದರಿದ್ರ?"

"ಸೀನ್ತಾನೆ ಅಂತ ಓದಿದ್ದೆಯಲ್ಲೇ!"

"ಇನ್ನೇನು ಓದ್ಲಿ? ಅಮ್ಮ ಆಸ್ಪತ್ರೇಲಿದ್ಲು. ನೀನು ಬೆಳಗಾದ್ರೆ ಅಮ್ಮ ಬರ್ತಾಳಲ್ವಾ, ಬರ್ತಾಳಲ್ವಾ ಅಂತ ಪ್ರಾಣ ತಿಂತಿದ್ದೆ."

"ಆಮೇಲೆ ಪುಸ್ತಕ ಎಲ್ಲ ಇಲಿ ತಿಂದ್ವು ಅಂದೆ."

"ಯಾವ ಇಲಿ? ನಾನೇ ಆ ಇಲಿ. ನೀನು ಅಕ್ಷರ ಕೂಡಿಸೋಕೆ ಶುರು ಮಾಡಿದ ದಿನವೇ ಹಳೇ ಪೇಪರಿನವನಿಗೆ ಹಾಕ್ದೆ."

ಅವಳು ನಗಲು ನೋಡಿದಳು. ಆಗಲಿಲ್ಲ. ಅಕ್ಕನಿಗೆ ಆಗ ಹನ್ನೊಂದು ತುಂಬಿರಲಿಲ್ಲ.

"ನಿಂಗೆ ಹೆದರಿಕೆ ಆಗ್ತಿರ್ಲಿಲ್ವಾ?"

ಆ ಕಡೆ ಕತ್ತರಿಯ ಸದ್ದು ನಿಂತಿತು.

"ಬಚ್ಚಲಲ್ಲಿ ಕೂತು ಮೊದ್ಲೇ ಒಬ್ಬಳೇ ಓದ್ಕೊಂಡು ಬರ್ತಿದ್ದೆ ಕಣೇ. ಇಲ್ದಿದ್ರೆ ನಿನ್ನ ಮುಂದೆ ದನಿ ನಡುಗಿಬಿಡೋದು."

"ಅಕ್ಕಾ..."

"ಇಡ್ತೀನಿ. ಇವರ ತಲೆ ಒದ್ದೆ ಇದೆ."

ಅವಳು ಒಲೆಯ ಕಟ್ಟೆ ಹಿಡಿದು ನಿಂತಳು. ಪುಸ್ತಕ ಕಪಾಟಿಗೆ ಸೇರಿಸಿ, ಮುಂದಿನ ಪುಟ ಹರಿದುಹೋಗಿದೆ ಎಂದರೆ ಆಯಿತು. ಇಲ್ಲವೇ ಅಕ್ಕನಂತೆ ತಾನೂ ಹುಡುಗನನ್ನು ಸೀನಿಸಿಬಿಡಬೇಕು, ದನಿ ನಡುಗದಂತೆ. ಎರಡು ಸಲ ಮೆಲ್ಲಗೆ ಹೇಳಿ ನೋಡಿಕೊಂಡಳು: 'ಅಷ್ಟರಲ್ಲಿ ಅವನು ಜೋರಾಗಿ ಸೀನಿದ.' ಲೋಟಕ್ಕೆ ನೀರು ಬಗ್ಗಿಸಿಕೊಂಡು ಹೊರಟಳು.

ಮಗಳು ದಿಂಬಿಗೆ ಒರಗಿ ಕೂತಿದ್ದಳು. ಪುಸ್ತಕ ಅವಳ ತೊಡೆಯ ಮೇಲಿತ್ತು, ತೆರೆದು. ಜ್ವರದ ಕೆಂಪೆಲ್ಲ ಇಳಿದು ಮುಖ ಬಿಳಿಚಿಕೊಂಡಿತ್ತು. ತಾಯಿಯ ಮುಖವನ್ನೂ ಕೈಯಲ್ಲಿ ತುಳುಕುತ್ತಿದ್ದ ಲೋಟವನ್ನೂ ಒಂದು ಗಳಿಗೆ ನೋಡಿ, ಚಿತ್ರವಿದ್ದ ಪುಟದ ಮೇಲೆ ಅಂಗೈ ಊರಿಕೊಂಡಳು.

"ನೀನು ಕೂತ್ಕೋಮ್ಮ. ಇನ್ಮೇಲೆ ನಾನೇ ಓದ್ತೀನಿ."

"ಕೊಡು ಪುಟ್ಟೀ, ನಿಂಗೆ ಸುಸ್ತಾಗುತ್ತೆ."

"ಏನೂ ಆಗಲ್ಲ. ನೀನು ಹೆದರ್ಕೋಬೇಡ, ಅವನಿಗೆ ವಾಸಿ ಆಗುತ್ತೆ."

ಮಗಳು ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಹುಡುಗ ಕಣ್ಣು ಬಿಟ್ಟ, ಹಸಿವು ಎಂದ, ಅವನ ಅಕ್ಕ ಓಡಿ ಹೋಗಿ ಎಲ್ಲರನ್ನೂ ಕರೆದಳು. ದನಿ ಒಂದಿಷ್ಟೂ ಅಲುಗಲಿಲ್ಲ. ಕಣ್ಣು ಮಾತ್ರ ಪುಟದಲ್ಲಿ ಒಂದೇ ಕಡೆ ನಿಂತಿತ್ತು.