ದೈವದ ಲೈನು

ಚನಿಯಪ್ಪ ಗೌಡರಿಗೆ ಈ ವಯಸ್ಸಿನಲ್ಲಿ ಹಿಡಿದದ್ದು ಮೀಟರಿನ ಹುಚ್ಚು. ಸಿಡಿಲಿಗೆ ಹಳೆಯದು ಸುಟ್ಟುಹೋದ ಮೇಲೆ ಅವರ ಬೆಳ್ಳಾರೆಯ ಮನೆಗೆ ಸ್ಮಾರ್ಟ್ ಮೀಟರು ಬಂದಿತ್ತು. ಯಾವ ಹೊತ್ತಿನಲ್ಲಿ ಎಷ್ಟು ಕರೆಂಟು ಖರ್ಚಾಯಿತೆಂದು ಫೋನಿನಲ್ಲಿ ಗೆರೆ ಎಳೆದು ತೋರಿಸುವ ಆ್ಯಪನ್ನು ಮಗ ಉದಯ ಹಾಕಿಕೊಟ್ಟದ್ದೇ ತಪ್ಪಾಯಿತು. ಅಂದಿನಿಂದ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಜಗಲಿಯಲ್ಲಿ ಗೌಡರ ತಲೆ ತಿರುಗುತ್ತಿತ್ತು.

"ಗೆರೆ ಮೇಲೆ ಹೋಯ್ತಲ್ಲ, ಎಂತ ಹಾಕಿದ್ದು?" ಎಂದು ಕೂಗುವರು.

"ನಿಮ್ಮ ತಲೆ ಹಾಕಿದ್ದು," ಎಂದು ಹೆಂಡತಿ ದುಗ್ಗಮ್ಮ ಒಳಗಿನಿಂದಲೇ ಉತ್ತರಿಸುವರು.

ಇದು ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಆದರೆ ಮೀಟರು ತನ್ನಷ್ಟಕ್ಕೆ ಓಡುತ್ತದೆ ಎಂಬ ಸಂಶಯ ಹೊಕ್ಕ ಮೇಲೆ ಗೌಡರು ಮನೆಯಿಂದ ಹೊರಡುವಾಗಲೆಲ್ಲ ಮೈನ್ ಸ್ವಿಚ್ಚನ್ನು ಕೆಳಗೆ ಎಳೆಯತೊಡಗಿದರು. ಬೆಟ್ಟಂಪಾಡಿಯಲ್ಲಿ ಮದುವೆ ಇದ್ದ ದಿನವೂ ಹಾಗೆಯೇ ಮಾಡಿದರು. ಸಂಜೆ ಬಂದು ನೋಡಿದರೆ ಸೊಸೆ ಭವಿತಾ ಕಾವಿಗೆ ಇಟ್ಟಿದ್ದ ಊರಕೋಳಿಯ ಮೊಟ್ಟೆಗಳೆಲ್ಲ ತಣ್ಣಗಾಗಿದ್ದವು. ಥರ್ಮೋಕೋಲಿನ ಪೆಟ್ಟಿಗೆ, ಒಳಗೆ ಎರಡು ದೊಡ್ಡ ಬಲ್ಬು, ಒಂದು ಪುಟ್ಟ ಫ್ಯಾನು. ಅವಳೇ ಕೈಯಾರೆ ಮಾಡಿಕೊಂಡದ್ದು. ಅವಳು ಹಿತ್ತಿಲಲ್ಲಿ ಗುಂಡಿ ತೋಡಿ ಮೊಟ್ಟೆಗಳನ್ನು ಹೂಳುವಾಗ ಮಾವ ಹೇಳಿದ್ದು ಒಂದೇ ಮಾತು: "ಮನೆಯಲ್ಲಿ ಕೋಳಿ ಉಂಟಲ್ಲ, ಕೋಳಿಯ ಕೆಲಸ ಕರೆಂಟಿಗೆ ಯಾಕೆ ಮಾರಾಯ್ತಿ?"

ಭವಿತಾ ಅತ್ತದ್ದು ಅತ್ತೆಗೆ ಮಾತ್ರ ಗೊತ್ತು. ಅತ್ತು ಮುಗಿಸಿದ ಮೇಲೆ ಅವಳು ಮಾಡಿದ್ದು ಅತ್ತೆಗೂ ಗೊತ್ತಿಲ್ಲ.

ಅಂಗಳದ ಆಚೆ ಮನೆಯ ದೈವದ ಗುಡಿ. ಅಲ್ಲಿಯ ದೀಪವನ್ನು ಯಾರ ಕೈಯೂ ಆರಿಸಬಾರದೆಂದು ಗೌಡರ ತಾಯಿ ಹಟ ಹಿಡಿದು, ಆ ಲೈನನ್ನು ಮೈನ್ ಸ್ವಿಚ್ಚಿಗೆ ಬಾರದ ಹಾಗೆ ಮೀಟರಿನಿಂದ ನೇರ ಎಳೆಸಿದ್ದರು. ಮನೆಯೆಲ್ಲ ಕತ್ತಲಾದರೂ ಗುಡಿಯ ಪುಟ್ಟ ಬಲ್ಬು ಉರಿಯುತ್ತದೆ. ವರ್ಷಕ್ಕೊಮ್ಮೆ ತಂಬಿಲದ ಪೂಜೆಗೆ ಮೈಕ್ ಹಾಕಲೆಂದು ಗುಡಿಯ ಹಿಂದೆ ಒಂದು ಪ್ಲಗ್ಗೂ ಇತ್ತು. ಭವಿತಾ ಕೊಯಿಲದಿಂದ ಹೊಸದಾಗಿ ಮೊಟ್ಟೆ ತಂದಳು, ಪೆಟ್ಟಿಗೆಯನ್ನು ಗುಡಿಯ ಹಿಂದಿನ ಕಟ್ಟಿಗೆ ಕೊಟ್ಟಿಗೆಗೆ ಸಾಗಿಸಿದಳು, ದೈವಕ್ಕೆ ಕೈ ಮುಗಿದಳು, ವಯರು ಚುಚ್ಚಿದಳು. ಗೌಡರು ಜಗತ್ತಿನ ಯಾವ ಸ್ವಿಚ್ಚನ್ನಾದರೂ ಆರಿಸಿಯಾರು, ಅದೊಂದನ್ನು ಆರಿಸಲಾರರು ಎಂಬುದು ಅವಳ ಧೈರ್ಯ.

ಅಂದು ಮೊಟ್ಟೆ ಒಡೆಯುವ ದಿನ. ಮಧ್ಯಾಹ್ನ ಅವಳು ಪೆಟ್ಟಿಗೆಯ ಗಾಜಿನಿಂದ ಇಣುಕಿದಾಗ ಒಂದು ಮೊಟ್ಟೆಗೆ ತೂತು ಬಿದ್ದಿತ್ತು, ತೂತಿನಲ್ಲಿ ಕೊಕ್ಕಿನ ತುದಿ ಕಾಣುತ್ತಿತ್ತು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಇನ್ನು ಸಂಜೆಯವರೆಗೆ ಕಾವು ಒಂದು ಚೂರೂ ತಪ್ಪಬಾರದು. ಅಷ್ಟರಲ್ಲಿ ಅಂಗಳದಿಂದ ಮಾವನ ಗಂಟಲು ಕೇಳಿಸಿತು.

ಮೀಟರಿನ ಎದುರು ಗೌಡರೂ ಅವರ ದಾಯಾದಿ ದೇರಣ್ಣನೂ ನಿಂತಿದ್ದರು. ಗೌಡರು ಮನೆಯ ಮೈನ್ ಆಫ್ ಮಾಡಿದ್ದರು. ಆದರೂ ಖರ್ಚಾದ ಕರೆಂಟಿನ ಲೆಕ್ಕಕ್ಕೆ ಮಿನುಗುವ ಕೆಂಪು ದೀಪ ಉಸಿರಾಡಿದ ಹಾಗೆ ಮಿನುಗುತ್ತಲೇ ಇತ್ತು.

"ಗುಡಿಯ ಬಲ್ಬಿಗೆ ಇಷ್ಟು ಮಿನುಗ್ಲಿಕ್ಕಿಲ್ಲ," ಎಂದರು ಗೌಡರು. "ಅದಕ್ಕೆ ಎಲೆಯಡಿಕೆ ಹಾಕಿ ಉಗಿದು ಬರುವಷ್ಟು ಹೊತ್ತಿಗೆ ಒಂದು ಸಲ. ಇದು ಬೇರೆ ಯಾರೋ ಎಳಿತಾ ಇದ್ದಾರೆ."

ದೇರಣ್ಣ ಕಂಪೌಂಡಿನ ಕಡೆ ಗಲ್ಲ ಎತ್ತಿ ತೋರಿಸಿದ. ಗೋಡೆಯ ಮೇಲೆ ಹಳೆಯ ವಯರೊಂದು ಸುತ್ತಿಕೊಂಡು ಬಿದ್ದಿತ್ತು. ಪಕ್ಕದ ಮನೆಯ ಅಡಿಕೆ ವ್ಯಾಪಾರಿ ಇಬ್ರಾಹಿಂ ಬ್ಯಾರಿಯ ಮಗಳು ಜಸೀನಾಳ ಮದುವೆಗೆ, ಚಪ್ಪರದ ದೀಪಕ್ಕೆಂದು ಗೌಡರೇ ಕೊಟ್ಟ ಲೈನು ಅದು.

ಕರೆದದ್ದಕ್ಕೆ ಇಬ್ರಾಹಿಂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದರು. ವಿಷಯ ತಿಳಿದಾಗ ಅವರ ಮುಖ ಇಳಿದುಹೋಯಿತು. ಹಿಂದಿರುಗಿ ತಮ್ಮ ಮನೆಯ ಮೈನನ್ನೂ ಆಫ್ ಮಾಡಿ ಬಂದು ನಿಂತರು.

"ಈಗ ನೋಡಿ ಚನಿಯಪ್ಪಣ್ಣ."

ಕೆಂಪು ದೀಪ ಮಿನುಗಿತು. ಮತ್ತೊಮ್ಮೆ ಮಿನುಗಿತು.

"ಲೈನು ಕದಿಯುವವ ಅದನ್ನು ತನ್ನ ಮೈನಿಗೆ ಹಾಕ್ತಾನಾ?" ಎಂದ ದೇರಣ್ಣ. ಜಗಳ ಹೊತ್ತಿಸುವುದಕ್ಕೆ ಅವನಿಗೆ ಕರೆಂಟೇ ಬೇಡ.

"ನಾನು ಯಾರ ಹೆಸರೂ ಹೇಳುದಿಲ್ಲ," ಎಂದರು ಗೌಡರು. "ಪೊಲೀಸಿಗೂ ಹೇಳುದಿಲ್ಲ. ದೈವಕ್ಕೆ ಹೇಳ್ತೇನೆ. ಕದ್ದವರನ್ನು ಅದೇ ಕೇಳ್ಲಿ. ದುಗ್ಗಾ, ಒಂದು ಕಾಯಿ ತಾ."

ಈ ಕಡೆಯವರಿಗೆ ಇದರ ಭಾರ ಗೊತ್ತು. ದೈವದ ಮುಂದೆ ಇಟ್ಟ ದೂರು ಕದ್ದವನ ಮನೆ ಹುಡುಕಿಕೊಂಡು ಹೋಗುತ್ತದೆ ಎಂದು ನಂಬಿದವರು. ಕಾಯಿ ತಂದ ದುಗ್ಗಮ್ಮನ ಮುಖ ಬಿಳಿಚಿತ್ತು. ಇಬ್ರಾಹಿಂ ಮಾತ್ರ ಕದಲಲಿಲ್ಲ.

"ಹೇಳಿ ಚನಿಯಪ್ಪಣ್ಣ. ನಾನು ಇಲ್ಲೇ ನಿಲ್ತೇನೆ. ಆದರೆ ಹೇಳಿದ ಮೇಲೆ ನಮ್ಮ ಹೆಂಗಸರು ನಿಮ್ಮ ಅಂಗಳಕ್ಕೆ ಯಾವ ಮುಖ ಇಟ್ಟುಕೊಂಡು ಬರುದು, ಅದನ್ನೂ ದೈವದ ಹತ್ತಿರವೇ ಕೇಳಿ."

ಭವಿತಾ ಗುಡಿಯ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಸುಮ್ಮನಿದ್ದರೆ ಸಂಜೆಗೆ ಮರಿಗಳು ಹೊರಬರುತ್ತವೆ. ಸುಮ್ಮನಿದ್ದರೆ ಈ ಮನುಷ್ಯ ಕಳ್ಳನಾಗಿ ಮನೆಗೆ ಹೋಗುತ್ತಾರೆ. ಮಾವ ಗುಡಿಯ ಮೆಟ್ಟಿಲ ಮೇಲೆ ಕಾಲಿಟ್ಟರು. ಅವಳು ಹೊರಗೆ ಬಂದಳು.

"ಮಾವ, ಹೇಳ್ಬೇಡಿ! ತೆಗೆದದ್ದು ನಾನು. ಗುಡಿಯ ಲೈನಿನಿಂದ, ಮೊಟ್ಟೆಗೆ."

ಮೊದಲು ನಕ್ಕವನು ದೇರಣ್ಣ. "ಜಗಳ ಬಿಡಿಸ್ಲಿಕ್ಕೆ ಹೇಳುದು ಅದು. ದೈವದ ಲೈನನ್ನು ಮುಟ್ಲಿಕ್ಕೆ ಇವಳಿಗೆ ಧೈರ್ಯ ಉಂಟಾ?"

"ತೋರಿಸ್ತೇನೆ," ಎಂದಳು ಭವಿತಾ. ಅವಳಿಗೆ ಈಗ ಸಿಟ್ಟು ಬಂದಿತ್ತು. ದೇರಣ್ಣನ ಮೇಲೆ, ಮಾವನ ಮೇಲೆ, ಅಡಗಿ ಕೂತ ತನ್ನ ಮೇಲೆ. ಗುಡಿಯ ಹಿಂದೆ ಹೋಗಿ, ಕಣ್ಣು ಮುಚ್ಚಿ, ವಯರು ಎಳೆದಳು. ಕೊಟ್ಟಿಗೆಯ ಸಂದಿನಿಂದ ಬರುತ್ತಿದ್ದ ಹಳದಿ ಬೆಳಕು ಆರಿತು.

ಎಲ್ಲರೂ ಮೀಟರು ನೋಡಿದರು. ಮಿನುಗಲಿಲ್ಲ. ಆದರೆ ಮಿನುಗದೆ ಇರುವುದನ್ನು ನೋಡಿ ಮುಗಿಸುವುದು ಹೇಗೆ? "ತಡಿ, ಇನ್ನೂ ನೋಡುವ," ಎಂದ ದೇರಣ್ಣ. ನೋಡಿದರು. ಅಂಗಳದಲ್ಲಿ ಗಾಳಿ ಬೀಸಿತು. ಭವಿತಾಳಿಗೆ ಆ ಗಾಳಿಯೆಲ್ಲ ಪೆಟ್ಟಿಗೆಯೊಳಗೇ ಹೋದಂತಾಯಿತು.

"ಸಾಕು ಮಾರಾಯ್ರೆ," ಎಂದರು ಇಬ್ರಾಹಿಂ. "ಮೊಟ್ಟೆ ತಣಿತದೆ. ವಯರು ಹಾಕು ಮಗಳೇ."

"ಇನ್ನು ಸ್ವಲ್ಪ," ಎಂದ ದೇರಣ್ಣ.

ಭವಿತಾ ಮಾವನನ್ನು ನೋಡಿದಳು. ಅವರು ಹೇಳದೆ ಅವಳು ಹಾಕುವವಳಲ್ಲ. ಗೌಡರು ಕಾಯಿ ಹಿಡಿದು ಮೀಟರನ್ನೇ ನೋಡುತ್ತಿದ್ದರು. ಕೊನೆಗೂ ಕೆಂಪು ದೀಪ ಒಂದು ಸಲ ಮಿನುಗಿತು. ಮತ್ತೆ ಸುಮ್ಮನಾಯಿತು. ಅದು ಗುಡಿಯ ಬಲ್ಬಿನ ಲೆಕ್ಕ, ಅವರೇ ಹೇಳಿದ ಲೆಕ್ಕ.

ಅವರು ಮೆಟ್ಟಿಲಿಳಿದು ಗುಡಿಯ ಹಿಂದೆ ಬಂದರು. ವಯರನ್ನು ಎತ್ತಿ ಅಂಗಳಕ್ಕೆ ಎಸೆಯುತ್ತಾರೆ ಎಂದುಕೊಂಡಳು ಭವಿತಾ. ಅವರು ಬಗ್ಗಿ, ಪ್ಲಗ್ಗಿನ ತೂತಿಗಾಗಿ ತಡಕಾಡಿ, ಸೊಂಟ ಹಿಡಿದುಕೊಂಡು, ತಾವೇ ಚುಚ್ಚಿದರು. ಸೊಸೆಯ ಮುಖ ನೋಡದೆ ಅಂಗಳಕ್ಕೆ ಹಿಂದಿರುಗಿದರು.

ಭವಿತಾ ಕೊಟ್ಟಿಗೆಗೆ ಓಡಿದಳು. ಬಲ್ಬು ಹೊತ್ತಿತ್ತು. ತೂತು ಬಿದ್ದ ಮೊಟ್ಟೆಯಲ್ಲಿ ಕೊಕ್ಕು ಅಲ್ಲಾಡುತ್ತಿರಲಿಲ್ಲ. ಅವಳು ಪೆಟ್ಟಿಗೆಗೆ ಕಿವಿಯಿಟ್ಟು ಕೂತಳು.

ಹೊರಗೆ ದೇರಣ್ಣನ ದನಿ: "ಕಾಯಿ ಒಳಗೆ ಕೊಂಡುಹೋಗಿ ಅಣ್ಣ, ಇನ್ನೆಂತಕ್ಕೆ?"

"ದೈವಕ್ಕೆಂದು ತಂದದ್ದನ್ನು ಹಿಂದೆ ಕೊಂಡುಹೋಗುವ ಕ್ರಮ ಉಂಟಾ?" ಇದು ದುಗ್ಗಮ್ಮ. ಮದುವೆಯಾಗಿ ಬಂದ ಮೇಲೆ ಹೊರಗಿನವರ ಎದುರು ಅವರು ಗಂಡನಿಗೆ ಇಷ್ಟು ಗಟ್ಟಿಯಾಗಿ ಹೇಳಿದ್ದು ಯಾರೂ ಕೇಳಿರಲಿಲ್ಲ. "ಒಡೀರಿ. ಒಡೆದು ಹೇಳುವುದನ್ನು ಹೇಳಿ."

ಕಾಯಿ ಒಡೆದ ಸದ್ದಾಯಿತು. ಅದರ ಹಿಂದೆಯೇ ಮಾವನ ದನಿ, ಅಂಗಳದವರಿಗೆಲ್ಲ ಕೇಳುವಷ್ಟು ದೊಡ್ಡದಾಗಿ, ಆದರೆ ಒಡೆದುಹೋದದ್ದು.

"ಕದ್ದವರು ಯಾರೂ ಇಲ್ಲ. ನೆರೆಯವರ ಮೇಲೆ ಬೆರಳು ತೋರಿಸಿದವ ನಾನು. ತಪ್ಪಾಯ್ತು. ಕೇಳುದಿದ್ದರೆ ನನ್ನನ್ನು ಕೇಳು."

ಆಮೇಲೆ ಇಬ್ರಾಹಿಂ ಹೇಳಿದ್ದು: "ನನಗೂ ಕೇಳಿತು ಚನಿಯಪ್ಪಣ್ಣ. ಸಾಕು."

ಪೆಟ್ಟಿಗೆಯೊಳಗೆ, ಉಗುರಿನಿಂದ ಕೆರೆದ ಹಾಗೆ, ಸಣ್ಣ ಸದ್ದಾಯಿತು. ಭವಿತಾ ಕಿವಿಯನ್ನು ಇನ್ನಷ್ಟು ಒತ್ತಿದಳು. ಸದ್ದು ಇನ್ನೊಮ್ಮೆ ಆಯಿತು.